ಕುಂಬಾರರ ದಾರಿ

"ಕೇಳಿರಪ್ಪೋ ಕೇಳಿ! ಬರುವ ಯುಗಾದಿಯಿಂದ, ಪರರ ಹೊಲ ಹಾದುಹೋಗುವ ದಾರಿ, ಕಾಲುವೆ ಯಾವುದೇ ಇರಲಿ, ಓಲೆಯಲ್ಲಿ ಬರೆದಿಲ್ಲದಿದ್ದರೆ ರದ್ದು! ಹೊಲದ ಒಡೆಯ ಬೇಲಿ ಹಾಕಬಹುದು. ಬೇಡವೆನ್ನುವವರು ದೊರೆಯ ಮೂರು ಒಗಟು ಬಿಡಿಸಲಿ. ಬಿಡಿಸಿದರೆ ಹಳೆಯ ಕಟ್ಟಳೆಯೇ ಉಳಿಯುತ್ತದೆ. ತಪ್ಪಿದರೆ ಯುಗಾದಿಯಂದು ತಲೆ ಹೋಗುತ್ತದೆ!"

ಹೀಗೆ ಡಂಗುರ ಸಾರಿಸಿದ ಕಡವಿನಕೋಟೆಯ ದೊರೆ ರಂಗನಾಯಕ ಕೆಟ್ಟವನೇನಲ್ಲ. ಭೂಮಿಯುಳ್ಳ ಮಂತ್ರಿಗಳು ದಿನವೂ ಕಿವಿ ಊದಿದ್ದರು, ಅಷ್ಟೆ. ಆ ಕಾಲದ ದೊರೆಗಳಿಗೆ ಸಣ್ಣ ಶಿಕ್ಷೆಗಳ ಪರಿಚಯವೂ ಇರಲಿಲ್ಲ.

ಮೊದಲು ಬಂದವನು ಗಾಡಿಗಳಲ್ಲಿ ಸರಕು ಸಾಗಿಸುವ ವರ್ತಕ. ದೊರೆ ಮೊದಲ ಒಗಟು ಕೇಳಿದ.

"ತುಳಿದಷ್ಟೂ ಬದುಕುತ್ತದೆ, ತುಳಿಯದೆ ಬಿಟ್ಟರೆ ಸಾಯುತ್ತದೆ. ಏನದು?"

"ಹುಲ್ಲು, ಪ್ರಭೂ."

"ಬಿಟ್ಟರೆ ಹುಲ್ಲು ಸಾಯುತ್ತದೇನಯ್ಯ? ಒಮ್ಮೆಯಾದರೂ ಗಾಡಿ ಇಳಿದು ನೋಡಬೇಕಿತ್ತು."

ವರ್ತಕ ಸೆರೆಮನೆಗೆ ಹೋದ. ಬಳಿಕ ಬಂದ ಶಾಸ್ತ್ರಿಗಳು ಎರಡು ಒಗಟು ದಾಟಿ ಮೂರನೆಯದಕ್ಕೆ "ಸಾವು" ಎಂದರು.

ದೊರೆ ಅಲ್ಲವೆಂದು ತಲೆಯಾಡಿಸಿದ. "ನಮ್ಮಪ್ಪ ಇದನ್ನು ನಗುತ್ತ ಕೇಳಿದ್ದರು. ಸಾವನ್ನು ಯಾರೂ ಹಾಗೆ ಕೇಳುವುದಿಲ್ಲ." ಶಾಸ್ತ್ರಿಗಳೂ ಸೆರೆ ಸೇರಿದರು.

ಆದರೆ ದೊರೆ ಯಾರಿಗೂ ಹೇಳದ ಗುಟ್ಟೊಂದು ಉಳಿದಿತ್ತು. ಮೂರೂ ಅಪ್ಪನ ಒಗಟುಗಳು. ಹೆಗಲ ಮೇಲೆ ಕೂರಿಸಿಕೊಂಡು ಹೊಲದಲ್ಲಿ ನಡೆಯುವಾಗ ಕೇಳಿದ್ದವು. ಮೂರನೆಯದಕ್ಕೆ, "ದೊಡ್ಡವನಾಗು, ನಿನಗೇ ತಿಳಿಯುತ್ತೆ" ಅಂದಿದ್ದ ಅಪ್ಪ ಆ ವರ್ಷವೇ ತೀರಿಕೊಂಡ. ಅದರ ಉತ್ತರ ದೊರೆಗೂ ಗೊತ್ತಿರಲಿಲ್ಲ, ಅದೇ ಗುಟ್ಟು.

ಯುಗಾದಿಗೆ ಮೂರು ದಿನವಿದ್ದಾಗ ಕುಂಬಾರ ಬೊಮ್ಮ ಹೊರಟ. ಕುಂಬಾರಗೇರಿಗೆ ಮಣ್ಣು ಬರುವುದು ಕೆರೆಯಿಂದ, ಅರಮನೆಯ ಹೊಲ ಹಾಯ್ದು. ದಾರಿ ಮುಚ್ಚಿದರೆ ನಲವತ್ತು ಮನೆಗಳ ತಿಗರಿ ನಿಲ್ಲುತ್ತದೆ.

"ಮಡಕೆ ಒಡೆದ್ರೆ ಇನ್ನೊಂದು ಮಾಡಬೋದು ಕಣೋ, ತಲೆ?" ಎಂದಳು ಅವ್ವ.

"ಮಣ್ಣೇ ಇಲ್ದಿದ್ರೆ ಮಡಕೆ ಎಲ್ಲಿಂದ ಬರುತ್ತವ್ವ?"

ಮೊದಲ ಒಗಟಿಗೆ ಬೊಮ್ಮ ನಕ್ಕ. "ಕಾಲುದಾರಿ, ಬುದ್ಧಿ. ಒಂದು ಮಳೆಗಾಲ ಓಡಾಡದಿದ್ರೆ ಕಳೆ ನುಂಗುತ್ತೆ."

"ನನ್ನ ಹೊಲದಲ್ಲಿ ಹುಟ್ಟಿಲ್ಲ, ನನ್ನ ಹೊಲದಲ್ಲಿ ನಿಲ್ಲುವುದಿಲ್ಲ. ತಡೆದರೆ ಮೊದಲು ಮುಳುಗುವವನು ನಾನೇ."

"ಕಾಲುವೆ ನೀರು. ಕೆಳಗಿನವನಿಗೆ ಬಿಟ್ರೇ ಮೇಲಿನವನ ಪೈರು ಉಳಿಯೋದು."

ದೊರೆಯ ದನಿ ತಗ್ಗಿತು. "ಬರೆದವರಿಲ್ಲ, ಕಾವಲಿಲ್ಲ. ಆದರೂ ಅಜ್ಜ ಮೀರಲಿಲ್ಲ, ಅಪ್ಪ ಮೀರಲಿಲ್ಲ. ಏನದು?"

ಬೊಮ್ಮ ಅಂಗೈಗೆ ಅಂಟಿದ ಒಣ ಮಣ್ಣನ್ನು ಉಜ್ಜುತ್ತ ನಿಂತ. ಮಂತ್ರಿಗಳು ಮೀಸೆಯಲ್ಲೇ ನಕ್ಕರು.

"ಬುದ್ಧಿ, ಯುಗಾದಿಗೆ ಹೊನ್ನಾರು ಹೂಡಿ ವರ್ಷದ ಮೊದಲ ಸಾಲು ಉಳ್ತೀರಲ್ಲ, ನಮ್ಮ ದಾರಿ ಅಡ್ಡ ಬಂದಾಗ ಏನು ಮಾಡ್ತೀರಿ?"

"ನೇಗಿಲು ಎತ್ತಿ ದಾಟಿಸುತ್ತೇನೆ."

"ಎತ್ತಬೇಕು ಅಂತ ಯಾರು ಹೇಳಿದ್ರು?"

ದೊರೆಗೆ ಬಾಲ್ಯದ ಯುಗಾದಿಗಳು ನೆನಪಾದವು. ನೇಗಿಲ ಮೇಳಿ ಹಿಡಿದ ತನ್ನ ಪುಟ್ಟ ಕೈಗಳ ಮೇಲೆ ಅಪ್ಪನ ಒರಟು ಕೈಗಳು. ದಾರಿ ಬಂದೊಡನೆ ನಾಲ್ಕೂ ಕೈ ಒಟ್ಟಿಗೆ ಮೇಲೇಳುತ್ತಿದ್ದವು, ಮಾತಿಲ್ಲದೆ.

"ಯಾರೂ ಹೇಳಿಲ್ಲ."

"ಅದೇ ಬುದ್ಧಿ, ಉತ್ತರ. ರೂಢಿ."

ದೊರೆ ನಕ್ಕ. ಆ ನಗು ಥೇಟ್ ಅವರಪ್ಪನದೇ ಎಂದರು ಸಭೆಯಲ್ಲಿದ್ದ ಹಳಬರು.

ಅಂದೇ ಹೊಸ ಡಂಗುರ ಹೊರಟಿತು: ನೇಗಿಲು ಎತ್ತಿದ ಕಡೆ ಬೇಲಿ ಇಲ್ಲ. ಬೊಮ್ಮನಿಗೆ ಜೋಡಿ ಎತ್ತು, ಗಾಡಿ, ಗಾಡಿಯಷ್ಟು ಅಗಲದ ದಾರಿ ಸಿಕ್ಕಿದವು. ಅವನು ಬೇಡಿಕೊಂಡನೆಂದು ಶಾಸ್ತ್ರಿಗಳನ್ನೂ ವರ್ತಕನನ್ನೂ ಬಿಟ್ಟರು. ವರ್ತಕನನ್ನು ಮಾತ್ರ ನಡೆಸಿಕೊಂಡೇ ಮನೆಗೆ ಕಳಿಸಿದರು.

ಆ ಯುಗಾದಿಯಂದು ದೊರೆ ಕುಂಬಾರರ ದಾರಿಯಲ್ಲಿ ನೇಗಿಲು ಎತ್ತಿದ. ದಾಟುವುದಕ್ಕೆ ನಾಲ್ಕು ಹೆಜ್ಜೆ ಸಾಕಿತ್ತು. ಅವನು ಅಪ್ಪನ ಕೈಯಡಿ ಮೇಳಿ ಹಿಡಿದ ಹುಡುಗನಂತೆ ಪುಟ್ಟ ಪುಟ್ಟ ಹೆಜ್ಜೆಯಿಟ್ಟು, ಹತ್ತರಲ್ಲಿ ದಾಟಿದ.