ಸುತ್ತುನೋಟದ ಚಿತ್ರ

ಗುಡ್ಡದ ಮಠದ ಗೋಡೆಯ ಮೇಲಿದ್ದ ಸುತ್ತುನೋಟದ ಚಿತ್ರವನ್ನು ಮಠದ ಹಿರಿಯ ಅಡವಯ್ಯಜ್ಜ ಒಂದೇ ಮುಂಜಾನೆಯಲ್ಲಿ ತೆಗೆದರೆಂದು ಆಗ ಎಲ್ಲರೂ ನಂಬಿದ್ದರು.

ಹದಿನಾಲ್ಕು ಮೊಳ ಉದ್ದದ ಚಿತ್ರ ಅದು. ಗುಡ್ಡದ ನೆತ್ತಿಯಲ್ಲಿ ನಿಂತು ಪೂರ್ತಿ ಒಂದು ಸುತ್ತು ತಿರುಗಿದರೆ ಕಾಣುವುದೆಲ್ಲ ಅದರಲ್ಲಿತ್ತು. ಮೂರು ಸಲ ಬಳುಕುವ ಹೊಳೆ, ಆನೆಗಾತ್ರದ ಬಂಡೆಗಳು, ಹೊಳೆಯ ಪಾತ್ರದೊಳಗೆ ಹಾಲಿನಂತೆ ನಿಂತ ಮಂಜು. ಹದಿನೆಂಟು ಚಿತ್ರ ಸಾಲಾಗಿ ಜೋಡಿಸಿ ಮಾಡಿದ್ದು. ಜೋಡಿಸಿದ ಗೆರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆವತ್ತು ಅಜ್ಜ ಸೂರ್ಯನನ್ನೇ ತಡೆದು ನಿಲ್ಲಿಸಿದರು ಎನ್ನುವವರಿದ್ದರು. ಅವರಲ್ಲೊಬ್ಬರು ನಿವೃತ್ತ ವಿಜ್ಞಾನ ಮೇಷ್ಟ್ರು. ಅಜ್ಜನನ್ನು ಮಾತ್ರ ಯಾರೂ ಕೇಳಿರಲಿಲ್ಲ. ನಂಬಿದವರು ಕೇಳುವುದಿಲ್ಲ.

ಶಿಷ್ಯ ಕೊಟ್ರೇಶನೂ ಕೇಳಿರಲಿಲ್ಲ. ಅಂಥದೊಂದು ಚಿತ್ರ ತೆಗೆಯಲು ಕಲಿಯಬೇಕೆಂದು ಮಠಕ್ಕೆ ಬಂದು ನಾಲ್ಕು ವರ್ಷವಾಗಿತ್ತು.

ಚಳಿಗಾಲದ ಪ್ರತಿ ಮುಂಜಾನೆ ಅವನು ಗುಡ್ಡದ ನೆತ್ತಿಯಲ್ಲಿ ಅಜ್ಜನ ಹಳೇ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಕೂರಿಸುತ್ತಿದ್ದ. ಒಂದು ಚಿತ್ರ ತೆಗೆದು, ಫಿಲ್ಮು ಬದಲಿಸಿ, ತುಸು ತಿರುಗಿಸಿ ಇನ್ನೊಂದು. ಹದಿನೆಂಟು ಮುಗಿಯುವ ಹೊತ್ತಿಗೆ ಮಂಜು ಹರಿದುಹೋಗಿರುತ್ತಿತ್ತು. ಮೊದಲನೆಯದರಲ್ಲಿ ನಸುಕು, ಕೊನೆಯದರಲ್ಲಿ ಬಿಸಿಲು. ಜೋಡಿಸಿದರೆ ತೇಪೆ ಹಚ್ಚಿದ ಕೌದಿ.

ಒಂದು ದಿನ ಅವನು ಕ್ಯಾಮೆರಾ ಒರೆಸಿ ತಂದು ಅಜ್ಜನ ಮುಂದಿಟ್ಟ.

“ನನ್ನ ಕೈಲೆ ಆಗಂಗಿಲ್ರಿ ಅಜ್ಜಾರ. ಊರಿಗೆ ಹೋಗ್ತೀನಿ.”

“ಊರಾಗ ಏನ್ ಮಾಡ್ತಿ?”

“ಏನರೆ ಮಾಡ್ತೀನಿ. ಇನ್ನೊಮ್ಮೆ ಕ್ಯಾಮೆರಾ ಮುಟ್ಟಂಗಿಲ್ಲ.”

“ಪಾಸ್‌ಪೋರ್ಟ್ ಸೈಜಿಗೂ?”

“ಚ್ಯಾಷ್ಟಿ ಬ್ಯಾಡ್ರಿ. ನನ್ನ ಕೈ ಚುರುಕಿಲ್ಲ. ನಿಮ್ಮ ಕೈ ಆವತ್ತು ಅಷ್ಟು ಜೋರು ಹೆಂಗ ಓಡಿತ್ರಿ?”

ಅಜ್ಜ ಎದ್ದು ಹೋಗಿ ಗೋಡೆಯ ಮೊಳೆಗಳಿಂದ ಚಿತ್ರವನ್ನು ಬಿಡಿಸತೊಡಗಿದರು. ಅದನ್ನು ಗೋಡೆಯಿಂದ ಇಳಿಸಿದ್ದನ್ನು ಕೊಟ್ರೇಶ ಎಂದೂ ಕಂಡಿರಲಿಲ್ಲ. ಓಡಿಹೋಗಿ ಇನ್ನೊಂದು ತುದಿ ಹಿಡಿದ.

“ನೆಲದ ಮ್ಯಾಲೆ ಕುಂದ್ರು,” ಅಂದರು ಅಜ್ಜ.

ಕುಳಿತ. ಅಜ್ಜ ಆ ದಪ್ಪ ಕಾಗದವನ್ನು ಅವನ ಸುತ್ತ ಬೇಲಿಯಂತೆ ನಿಲ್ಲಿಸುತ್ತ ಬಂದು, ಎರಡೂ ತುದಿ ಕೂಡಿಸಿ ಹಿಡಿದರು.

ಮಠ ಕಾಣದಾಯಿತು. ಎತ್ತ ತಿರುಗಿದರೂ ಹೊಳೆ, ಬಂಡೆ, ಆಕಾಶ. ನಾಲ್ಕು ಚಳಿಗಾಲ ದಿನಾ ನಿಂತ ಜಾಗವೇ. ಆದರೂ ಕೊಟ್ರೇಶನ ಮೈ ಜುಂ ಅಂದಿತು. ತಾನು ಉಸಿರಾಡಿದರೆ ಮಂಜು ಚದುರೀತೆಂದು ಹೆದರಿದ. ಇಷ್ಟು ದೊಡ್ಡದರ ನಡುವೆ ಕುಳಿತಿದ್ದೇನೆಂಬುದು ಗುಡ್ಡದ ಮೇಲೆ ಒಮ್ಮೆಯೂ ಅವನಿಗೆ ಹೊಳೆದಿರಲಿಲ್ಲ. ಅಲ್ಲಿ ಅವನು ಬರೀ ಚಿತ್ರ ಎಣಿಸುತ್ತಿದ್ದ.

“ಚಿತ್ರ ಎಲ್ಲಿ ಕೂಡಂಗಿಲ್ಲ, ಹುಡುಕು,” ಅಂತ ಹೊರಗಿನಿಂದ ಅಜ್ಜನ ದನಿ ಬಂತು.

ಅವನು ಕುಳಿತಲ್ಲೇ ತಿರುಗಿದ. ಒಂದು ಸುತ್ತು. ಇನ್ನೊಂದು. ಕೊನೆಗೆ ಅಜ್ಜ ತುದಿ ಕೂಡಿಸಿ ಹಿಡಿದಿದ್ದ ಕಡೆ ಕಣ್ಣು ನಿಂತಿತು. ಮುಖವನ್ನು ಹತ್ತಿರ ಒಯ್ದ.

“ಇಲ್ಲೆ ನೋಡ್ರಿ. ಈ ತುದಿಯಾಗ ನಮ್ಮ ಅಂಗಳದ ಬೇವಿನ ಗಿಡ ಐತಿ, ಅದರ ಕೆಳಗ ದನ ಮಲಗ್ಯಾವ. ಆ ತುದಿಯಾಗ ಅದ ಜಾಗಕ್ಕ ಮೊಣಕಾಲುದ್ದದ ಸಸಿ, ಸುತ್ತ ಮುಳ್ಳು. ಒಂದ ಮುಂಜಾನಿ ಎರಡೂ ಹೆಂಗ ಇದ್ವು ಅಜ್ಜಾರ?”

ಅಜ್ಜ ತುದಿಗಳನ್ನು ತುಸು ಬಿಡಿಸಿ ಒಳಗೆ ಇಣುಕಿದರು.

“ಅಂಥ ಮಂಜು ವರ್ಷಕ್ಕ ಒಂದ ದಿನ ಬರತೈತಿ,” ಅಂದರು. “ನಾ ವರ್ಷಕ್ಕ ಒಂದ ಚಿತ್ರ ತೆಗದೆ.”