ಬಾರದವ್ವನ ಗುಡ್ಡ

ಹಿರೇಮುರಡಿಯಿಂದ ದಕ್ಷಿಣಕ್ಕೆ ಎರಡು ಹರದಾರಿ ನಡೆದರೆ ಬೋಳು ಬಂಡೆಗಳ ಒಂದು ಗುಡ್ಡ ಸಿಗುತ್ತದೆ. ನೆತ್ತಿಯ ಮೇಲೆ ಚಿಕ್ಕ ಗುಡಿ, ಗುಡಿಯ ಮುಂದೆ ಸೊಂಟದೆತ್ತರದ ಒಂದು ಹಾಸುಗಲ್ಲು. ಹೊಸಬರು ಹೆಸರು ಕೇಳಿ ನಗುತ್ತಾರೆ: ಬಾರದ ಅವ್ವನಿಗೆ ಗುಡಿ ಯಾಕಪ್ಪ ಎಂದು. ನಗಲಿ. ಮೆಟ್ಟಿಲಿಲ್ಲದ ಗುಡ್ಡ ಹತ್ತಿ ಬರುವಷ್ಟರಲ್ಲಿ ನಗು ತಾನಾಗಿಯೇ ಇಳಿದಿರುತ್ತದೆ. ಆಮೇಲೆ ನೆರಳಿಗೆ ಕೂತವರಿಗೆ ಊರ ಹಿರಿಯರು ಈ ಸಂಗತಿ ಹೇಳುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ದೇವಿ ಮಾತಾಡುತ್ತಿದ್ದಳು. ಮಂಗಳವಾರ ಡೊಳ್ಳು ಬಡಿದರೆ ಪೂಜಾರಿ ಮನೆತನದ ಹೆಂಗಸಿನ ಮೈಮೇಲೆ ಬರುತ್ತಿದ್ದಳು. ಹಾಸುಗಲ್ಲಿನ ಮೇಲೆ ನಿಂತವಳನ್ನು ಡೊಳ್ಳಿನವನು "ಯಾರು ಬಂದೀರಿ?" ಎಂದು ಕೇಳಬೇಕು, ಆಕೆ "ಅವ್ವ ಬಂದೀನಿ" ಅನ್ನಬೇಕು. ಅಲ್ಲಿಂದ ಮುಂದೆ ಆಡಿದ್ದೆಲ್ಲ ತೀರ್ಪು. ಗಾಳೆವ್ವ ಎಂಬಾಕೆಗೆ ಈ ಸೇವೆ ಬಂದಾಗ ಆಕೆಗೆ ಹದಿನಾಲ್ಕು ವರ್ಷ. ಮೊದಲ ಸಲ ಮೈಯೆಲ್ಲ ಬಿಸಿಯಾಗಿ, ಕಣ್ಣಿಗೆ ಕತ್ತಲೆ ಕವಿದು, ಏನೋ ಬಂದದ್ದು ನಿಜ. ಎರಡನೆಯ ವಾರ ಏನೂ ಬರಲಿಲ್ಲ. ಹುಡುಗಿ ಹೆದರಿ, ಹೆತ್ತ ತಾಯಿ ಹಿಂದೆ ಇದೇ ಕಲ್ಲಿನ ಮೇಲೆ ನಡುಗುತ್ತಿದ್ದಂತೆಯೇ ನಡುಗಿ, ಬಾಯಿಗೆ ಬಂದದ್ದು ಹೇಳಿದಳು. ಜನ ಕೈಮುಗಿದರು. ಹಾಗೆಯೇ ಮೂವತ್ತು ವರ್ಷ ನಡೆಯಿತು. ಗಾಳೆವ್ವ ಬುದ್ಧಿವಂತೆ, ತೀರ್ಪುಗಳೂ ಬಹಳ ಮಟ್ಟಿಗೆ ಸರಿಯೇ ಇದ್ದವು ಎನ್ನುತ್ತಾರೆ. ಆದರೆ ಆಕೆಗೆ ಮಾತ್ರ ನೆಮ್ಮದಿ ಅನ್ನುವುದು ಇರಲಿಲ್ಲ. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಕಟ್ಟಿಕೊಂಡ ಗಂಡನೂ ಹೆಸರು ಹಿಡಿದು ಕರೆಯದೆ "ಅವ್ವಾರು" ಅನ್ನುತ್ತಿದ್ದ. ಮನೆಯಲ್ಲಿ ಒಂದಿಷ್ಟು ಮಜ್ಜಿಗೆ ಕೇಳಿದರೂ, ಈಗ ಕೇಳಿದ್ದು ಯಾರು, ನಾನೋ ಅವಳೋ ಎಂದು ತನಗೇ ಗೊತ್ತಾಗದೆ ಲೋಟ ಹಿಡಿದು ನಿಂತುಬಿಡುತ್ತಿದ್ದಳಂತೆ.

ಹೀಗಿರುವಾಗ ದೇವಿಯ ಬೆಳ್ಳಿಯ ಕಣ್ಣುಗಳು ಕಳುವಾದವು. ಆ ವರ್ಷವಷ್ಟೇ ಊರಿಗೆ ಬಂದು ಹತ್ತಿ ಹಿಂಜುತ್ತಿದ್ದ ಪಿಂಜಾರ ಮೌಲಾಸಾಬನ ಮೇಲೆ ಎಲ್ಲರ ಬೆರಳು. ಪರವೂರಿನವನಲ್ಲವೆ, ಊರಿಗೊಬ್ಬ ಕಳ್ಳ ಬೇಕಾದಾಗ ಅಂಥವರೇ ಕೈಗೆ ಸಿಗುವುದು. ದೇವಿ ಯಾರನ್ನಾದರೂ ಕಳ್ಳನೆಂದು ಹೆಸರಿಸಿದರೆ ಅವನ ತಲೆ ಅರ್ಧ ಬೋಳಿಸಿ, ಹೆಂಡತಿ ಮಕ್ಕಳ ಸಮೇತ ಗಡಿ ದಾಟಿಸುವುದು ಅಲ್ಲಿನ ಕಟ್ಟಳೆ. ಸೋಮವಾರ ಊರ ಗೌಡ ಗಾಳೆವ್ವನ ಮನೆಗೆ ಬಂದು, "ಅವ್ವಾರ, ಊರೇ ಅವನ ಹೆಸರು ಹೇಳಾಕತ್ತೈತಿ. ತಾಯಿ ಹ್ಞೂಂ ಅಂದ್ರ ಮುಗೀತು," ಎಂದು ಕಾಲುಮುಟ್ಟಿ ಹೋದ. ಗಾಳೆವ್ವನ ನಾಲಿಗೆಯ ತುದಿಯಲ್ಲೂ ಅದೇ ಹೆಸರು ಸಿದ್ಧವಾಗಿತ್ತು. ಅದು ಗೊತ್ತಾದಾಗ ಆಕೆಗೆ ತನ್ನ ಬಗ್ಗೆಯೇ ಅಸಹ್ಯವಾಯಿತು.

ಮಂಗಳವಾರ ಕಲ್ಲು ಹತ್ತಿದಳು. ಕೆಳಗೆ ಮೌಲಾಸಾಬ ಕೂತಿದ್ದ, ಹುಬ್ಬಿನಲ್ಲಿ ಇನ್ನೂ ಹತ್ತಿಯ ಎಳೆ ಸಿಕ್ಕಿಕೊಂಡಿತ್ತು. ಡೊಳ್ಳು ಬಡಿಯಿತು. ಮೂವತ್ತು ವರ್ಷಗಳಲ್ಲಿ ಮೊದಲ ಬಾರಿ ಗಾಳೆವ್ವ ನಟಿಸದೆ, ಬಾ ತಾಯಿ, ಇವತ್ತಾದರೂ ಬಾ ಎಂದು ಹೊಟ್ಟೆಯೊಳಗಿಂದ ಬೇಡಿಕೊಂಡಳು. ಬಿಸಿಲು ಏರಿತು. ಡೊಳ್ಳಿನವನ ಕೈ ಸೋತಿತು. ಯಾರೂ ಬರಲಿಲ್ಲ.

"ಯಾರು ಬಂದೀರಿ?"

"ಯಾರೂ ಬಂದಿಲ್ಲ," ಅಂದಳು. "ಮೂವತ್ತು ವರ್ಷದಿಂದ ಬಂದಿಲ್ಲ. ಇಲ್ಲಿ ಮಾತಾಡಿದಾಕಿ ನಾನ, ಗಾಳೆವ್ವ."

ಡೊಳ್ಳು ನಿಂತಿತು. ಗೌಡ ಸಾವರಿಸಿಕೊಂಡು, ಹಾಗಾದರೆ ಕಳ್ಳ ಯಾರು ಎಂದು ಕೇಳಿದ. "ನನಗ ಗೊತ್ತಿಲ್ಲ," ಅಂದಳು. ಆ ಕಲ್ಲಿನ ಮೇಲಿಂದ ಇಂಥ ಮಾತನ್ನು ಆವರೆಗೆ ಯಾರೂ ಕೇಳಿರಲಿಲ್ಲ. ಮೌಲಾಸಾಬನ ತಲೆ ಉಳಿಯಿತು. ಆದರೆ ಗಾಳೆವ್ವನ ಪಾಡು ಆಗಷ್ಟೇ ಶುರುವಾಯಿತು. ಜನರ ನಡುವಿನಿಂದ ನೀಲವ್ವ ಎಂಬ ಮುದುಕಿ ಎದ್ದು ಬಂದಳು. ಹನ್ನೆರಡು ವರ್ಷದ ಹಿಂದೆ, ಅತ್ತೆಯ ಹೊಡೆತ ತಾಳಲಾರದೆ ತವರಿಗೆ ಓಡಿಬಂದ ಮಗಳನ್ನು, ಗಂಡನ ಮನೆಗೇ ಹೋಗಬೇಕೆಂಬುದು ದೇವಿಯ ಮಾತೆಂದು ಭುಜ ಹಿಡಿದು ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡಿದ್ದವಳು. ಆ ಮಗಳು ಮತ್ತೆ ತವರಿನ ಹೊಸ್ತಿಲು ತುಳಿದಿರಲಿಲ್ಲ.

"ನನ್ನ ಮಗಳು ಫಕೀರಿಗೆ ಹೋಗು ಅಂದಾಕಿ ಯಾರು?"

"ಅದೂ ನಾನ."

ತಲೆಗೆ ಹಾಕಿದ ನೀರು ಕಾಲಿಗೆ ಬರಲೇಬೇಕಲ್ಲ. ನೀಲವ್ವ ಹೊಡೆಯುತ್ತಾಳೆ ಎಂದುಕೊಂಡರು ಜನ. ಆಕೆ ಹೊಡೆಯಲಿಲ್ಲ. "ಹೇಳಿದಾಕಿ ನೀ, ಬಾಗಿಲಾ ಹಾಕಿದಾಕಿ ನಾ. ನಡಿ, ಇಬ್ರೂ ಆಕಿ ಮುಂದ ಹೇಳೂಣು," ಎಂದು ಕೈ ಹಿಡಿದು ಇಳಿಸಿದಳು. ಗುಡ್ಡ ಇಳಿಯುವಾಗ ಗಾಳೆವ್ವನ ಕಾಲು ನಡುಗುತ್ತಿದ್ದವು, ಈ ಸಲ ನಿಜವಾಗಿ. ಮಗಳ ಬಾಗಿಲು ತೆರೆದದ್ದು ಮೂರನೆಯ ದಿನ ಎನ್ನುತ್ತಾರೆ. ಅಲ್ಲಿಂದ ಗಾಳೆವ್ವ ಇನ್ನೊಂದು ಮನೆಗೆ, ಮತ್ತೊಂದು ಮನೆಗೆ, ತಾನು ತೀರ್ಪು ಕೊಟ್ಟ ಬಾಗಿಲುಗಳಿಗೆಲ್ಲ ನಡೆದಳು. ಕೆಲವರು ನೀರು ಕೊಟ್ಟರು, ಕೆಲವರು ನಾಯಿ ಬಿಟ್ಟರು. ಎಲ್ಲರೂ ಹೆಸರು ಹಿಡಿದು ಕರೆದರು.

ಬೆಳ್ಳಿಯ ಕಣ್ಣು ಸಿಗಲೇ ಇಲ್ಲ. ಅಂದು ಗಾಳೆವ್ವನ ಬಾಯಲ್ಲಿ ಮಾತಾಡಿದವಳು ದೇವಿಯೇ ಎಂದು ವಾದಿಸುವವರು ಈಗಲೂ ಇದ್ದಾರೆ. ಅವರಿಗೆ ಅದು ಸಮಾಧಾನ, ಇರಲಿ. ಈಗ ಇಲ್ಲಿ ಯಾರಿಗೂ ಮೈದುಂಬುವುದಿಲ್ಲ, ಡೊಳ್ಳು ಬಡಿಯುವುದಿಲ್ಲ. ಮಂಗಳವಾರ ಬಂದವರು ನೋಡಬಹುದು: ಹೇಳುವುದಿದ್ದವರು ಹಾಸುಗಲ್ಲು ಹತ್ತಿ, ತಮ್ಮ ಹೆಸರು ಹೇಳಿ, ತಾವು ಮಾಡಿದ್ದನ್ನು ಹೇಳಿ ಇಳಿಯುತ್ತಾರೆ. ಸುಳ್ಳು ಹೇಳಲೆಂದು ಕಲ್ಲು ಹತ್ತಿದವರೂ ಉಂಟು. ಅಂಥವರಿಗೆ ಹಾವು ಕಚ್ಚುವುದಿಲ್ಲ, ಸಿಡಿಲು ಹೊಡೆಯುವುದಿಲ್ಲ. ಕೆಳಗೆ ಕೂತ ಜನ ನಿಜ ಬಾಯಿಗೆ ಬರಲಿ ಎಂದು ಕಾಯುತ್ತಾರೆ, ಅಷ್ಟೆ.