ಚಿನ್ನ ನಿಂತ ಜಾಗ

"ಗುರುಗಳೇ, ಚಿನ್ನದ ಮಸಿಯಲ್ಲಿ ಬರೆಯುವವನು ತನ್ನ ಕೈಬರಹದ ಬಗ್ಗೆ ಹೆಮ್ಮೆ ಪಡುವುದು ತಪ್ಪಲ್ಲವೇ?" ಎಂದು ಶಿಷ್ಯ ಕೇಳಿದ.

ತಾನು ಬರೆದು ಮುಗಿಸಿದ ಕಡತವನ್ನು ಅವನು ಗುರುಗಳ ಮುಂದೆ ಇಟ್ಟಿದ್ದ. ಹುಣಿಸೆಬೀಜದ ಅಂಟಿಗೆ ಇದ್ದಿಲು ಕಲಸಿ ಬಳಿದ ಕಪ್ಪು ಬಟ್ಟೆ. ಅದರ ಮೇಲೆ ಚಿನ್ನದ ಅಕ್ಷರ. ಗುರುಗಳು ಒಪ್ಪಿದರೆ ಅವನು ಇನ್ನು ಮುಂದೆ ಲಿಪಿಕಾರ. ಒಪ್ಪದಿದ್ದರೆ ಮತ್ತೆ ಮಸಿ ಅರೆಯುವ ಕೆಲಸ. ಆದ್ದರಿಂದ ಬಹಳ ವಿನಯದಿಂದ ಕುಳಿತಿದ್ದ. ಹೆಮ್ಮೆಯನ್ನು ಬೇರುಸಹಿತ ಕಿತ್ತುಹಾಕಿರುವುದಾಗಿಯೂ, ತುಂಬಿದ ಕೊಡ ತುಳುಕುವುದಿಲ್ಲವೆಂಬ ಮಾತನ್ನು ಸದಾ ನೆನೆಯುವುದಾಗಿಯೂ ಹೇಳಿಕೊಂಡ.

"ಖಾಲಿ ಕೊಡವೂ ತುಳುಕುವುದಿಲ್ಲ" ಎಂದರು ಗುರುಗಳು. ಕಡತವನ್ನು ಮುಟ್ಟಲಿಲ್ಲ. ಒಂದು ಕತೆ ಹೇಳಿದರು.

ಒಂದು ಸೀಮೆಯಲ್ಲಿ ಒಬ್ಬ ಲಿಪಿಕಾರನಿದ್ದ. ಚಿನ್ನದ ಮಸಿಯ ಬರಹದಲ್ಲಿ ಅವನಿಗೆ ಸರಿಸಮಾನರಿರಲಿಲ್ಲ. ಹಾಗೆಂದು ಊರು ಹೇಳುತ್ತಿತ್ತು. ಊರಿಗಿಂತ ಮೊದಲು ಅವನೇ ಹೇಳುತ್ತಿದ್ದ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಕಪ್ಪು ಮಸಿ ಬರೆಯುವವನ ಮಾನ ಕಾಯುತ್ತದೆ. ಕೈ ಅಳುಕಿದರೂ ತೋರಗೊಡುವುದಿಲ್ಲ. ಚಿನ್ನದ ಮಸಿ ಹಾಗಲ್ಲ. ಅದರೊಳಗಿನ ಪುಡಿ ಭಾರ. ಲೇಖನಿ ಎಲ್ಲಿ ತಡೆಯುತ್ತದೋ ಅಲ್ಲಿ ಪುಡಿ ಇಳಿದು ಮಡುಗಟ್ಟುತ್ತದೆ. ಒಣಗಿದ ಮೇಲೆ ಆ ಜಾಗ ಉಳಿದೆಲ್ಲಕ್ಕಿಂತ ಹೆಚ್ಚು ಹೊಳೆಯುತ್ತದೆ. ಅದನ್ನು ನೋಡುವವರೂ ಕಲೆ ಎನ್ನುತ್ತಾರೆ, ಬರೆಯುವವರೂ ಕಲೆ ಎನ್ನುತ್ತಾರೆ. ನೋಡುವವರು ಮೆಚ್ಚಿ ಅನ್ನುತ್ತಾರೆ, ಬರೆಯುವವರು ನಾಚಿ ಅನ್ನುತ್ತಾರೆ. ಈ ಲಿಪಿಕಾರನ ಸಾಲಿನಲ್ಲಿ ಮೊದಲಿನಿಂದ ಕೊನೆಯವರೆಗೆ ಹೊಳಪು ಒಂದೇ ಸಮ. ಅದೇ ಅವನ ಹೆಮ್ಮೆ.

ಆ ಸೀಮೆಯ ದೊರೆಯ ಕಣ್ಣು ಒಬ್ಬ ಹೂವಾಡಗಿತ್ತಿಯ ತೋಟದ ಮೇಲೆ ಬಿತ್ತು. ಅಲ್ಲೊಂದು ಮಂಟಪ ಕಟ್ಟಿಸಬೇಕೆಂದು ಆಳುಗಳನ್ನು ಕಳಿಸಿ ಬೇಲಿ ಕೀಳಿಸಿದ. ಅವಳು ಬೇಡವೆಂದು ಅತ್ತಳು. ಅದೇ ದಾರಿಯಲ್ಲಿ ಹೋಗುತ್ತಿದ್ದ ಲಿಪಿಕಾರ ಅದನ್ನು ನೋಡಿದ. ನೋಡಿ ತನ್ನ ಪಾಡಿಗೆ ತಾನು ನಡೆದ. ಅವನು ಅಂಥ ಧರ್ಮಿಷ್ಠನೇನೂ ಅಲ್ಲ.

ಪಾಯ ತೋಡಿದ್ದಾಯಿತು. ನೆರೆಸೀಮೆಯ ದೊರೆಗಳಿಗೆ ಕರೆ ಹೋಯಿತು. ಮಂಟಪ ಮುಗಿದ ದಿನ ಅವರೆದುರು ಹಿಡಿದು ತೋರಿಸಲು ದೊರೆ ಒಂದು ಸಾಲು ಹೇಳಿ, ಅದನ್ನು ಚಿನ್ನದಲ್ಲಿ ಬರೆಯಲು ಲಿಪಿಕಾರನಿಗೆ ಅಪ್ಪಣೆ ಕೊಟ್ಟ. 'ಹೂವಾಡಗಿತ್ತಿ ಒಲಿದು ಕೊಟ್ಟ ತೋಟದಲ್ಲಿ ದೊರೆಯು ಈ ಮಂಟಪವನ್ನು ಕಟ್ಟಿಸಿದನು' ಎಂಬುದು ಆ ಸಾಲು.

ಲಿಪಿಕಾರ ಬರೆದ. ಒಣಗಿದ ಮೇಲೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದ. 'ಒಲಿದು' ಎಂಬಲ್ಲಿ ಚಿನ್ನ ಮಡುಗಟ್ಟಿತ್ತು. ಅವನಿಗೇ ತಿಳಿಯದೆ ಕೈ ಅಲ್ಲಿ ತಡೆದಿತ್ತು. ಹೊಸ ಬಟ್ಟೆಯ ಮೇಲೆ ಮತ್ತೆ ಬರೆದ. ಮತ್ತೆ ಅಲ್ಲೇ. ಲೇಖನಿ ಬದಲಿಸಿದ, ಮಸಿಯ ಗೋಂದು ಬದಲಿಸಿದ. ಚಿನ್ನ ಮಾತ್ರ ಜಾಗ ಬದಲಿಸಲಿಲ್ಲ.

ದೊರೆ ಬಂದು ನೋಡಿ ಹಿಗ್ಗಿದ. ತನಗೆ ಬೇಕಾದ ಮಾತೇ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿದೆ ಎಂದ. ಲಿಪಿಕಾರ ಒಪ್ಪಲಿಲ್ಲ. ಆ ಒಂದು ಮಾತು ಬಿಟ್ಟು ಬರೆಯುತ್ತೇನೆಂದು ಬೇಡಿಕೊಂಡ. ಒಂದು ಮಾತಿನಿಂದ ಏನು ಕಡಿಮೆಯಾದೀತೆಂದು ದೊರೆ ಹೂಂಗುಟ್ಟಿದ. 'ಒಲಿದು' ಹೋಯಿತು. ಈ ಸಲ ಚಿನ್ನ 'ಕೊಟ್ಟ' ಎಂಬಲ್ಲಿ ನಿಂತಿತು. ಲಿಪಿಕಾರನಿಗೆ ಅಳು ಬರುವಂತಾಯಿತು. ಯಾರನ್ನೂ ಕೇಳದೆ ಅದನ್ನೂ ಬಿಟ್ಟು ಬರೆದ. 'ಹೂವಾಡಗಿತ್ತಿಯ ತೋಟದಲ್ಲಿ ದೊರೆಯು ಈ ಮಂಟಪವನ್ನು ಕಟ್ಟಿಸಿದನು.' ಲೇಖನಿ ಹೊಳೆಯ ನೀರಿನ ಹಾಗೆ ಹರಿಯಿತು. ಎಲ್ಲಿಯೂ ಕಲೆಯಿರಲಿಲ್ಲ. ಅಂಥ ಬರಹವನ್ನು ಅವನು ಅದುವರೆಗೆ ಬರೆದಿರಲಿಲ್ಲ.

ದೊರೆ ಅದನ್ನು ಓದಿದ. ಮುಖ ಕೆಂಪಗಾಯಿತು. ಮೊದಲು ಬರೆದದ್ದನ್ನೇ ಕೊಡು, ಇಲ್ಲವಾದರೆ ಈ ಸೀಮೆಯಲ್ಲಿ ನೀನು ಲೇಖನಿ ಮುಟ್ಟಕೂಡದು ಎಂದ. ಆ ಹೊಳಪು ಕಲೆಯೆಂದು ನಿನ್ನೊಬ್ಬನಿಗಲ್ಲದೆ ಇನ್ನಾರಿಗೂ ತಿಳಿಯದು ಎಂದೂ ಹೇಳಿದ.

"ತಿಳಿದವನ ಹೆಸರೇ ಅದರ ಕೆಳಗಿರುತ್ತದೆ, ಮಹಾಸ್ವಾಮಿ. ನಾನು ನ್ಯಾಯ ಹೇಳಲು ಬಂದವನಲ್ಲ. ಆದರೆ ಕಲೆಯಿರುವ ಬರಹವನ್ನು ನಾನು ಕೈಯಿಂದ ಆಚೆ ಬಿಡುವವನಲ್ಲ" ಎಂದ ಲಿಪಿಕಾರ. ಲೇಖನಿಯನ್ನು ದೊರೆಯ ಮುಂದಿಟ್ಟ. ಅವನಿಗೆ ಹೆದರಿಕೆಯಾಗಿತ್ತು. ಬರೆಯುವುದನ್ನು ಬಿಟ್ಟು ಬೇರೇನೂ ಅವನಿಗೆ ಬಾರದು. ಆದರೂ ತಲೆ ತಗ್ಗಿಸಲಿಲ್ಲ.

ದೊರೆ ಲೇಖನಿಯನ್ನು ನೋಡಿದ, ಬರಹವನ್ನು ನೋಡಿದ.

"ಸಾಲಿನ ಕೆಳಗಿರುವವನಿಗೇ ಇಷ್ಟು ಮಾನವಿದೆ. ನಾನು ಸಾಲಿನ ಒಳಗೇ ಇದ್ದೇನೆ" ಎಂದ ಕೊನೆಗೆ.

ಪಾಯ ಮುಚ್ಚಿಸಿದ. ತೋಟಕ್ಕೆ ಮತ್ತೆ ಬೇಲಿ ಬಂತು. ಹೂವಾಡಗಿತ್ತಿಗೆ ಮಾತ್ರ ಕಾರಣ ತಿಳಿಯಲಿಲ್ಲ. ಆ ಲಿಪಿಕಾರನಿಗೆ ಬಲು ಜಂಬ ಎಂದು ಅವಳೂ ಕೊನೆಯವರೆಗೆ ಹೇಳುತ್ತಿದ್ದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕತೆ ಶಿಷ್ಯನಿಗೆ ಹಿಡಿಸಿತು. ಆದರೂ ತನ್ನ ಕಡತದಲ್ಲಿ ಅಂಥ ಜಂಬಕ್ಕೆ ಎಡೆಯಿಲ್ಲವೆಂದು ಅವಸರದಿಂದ ಹೇಳಿದ. ಹಿರಿಯರ ಪದ್ಧತಿಯಂತೆ ಕೊನೆಯಲ್ಲಿ 'ಅಲ್ಪಮತಿಯಾದ ನಾನು ಬರೆದೆನು, ತಪ್ಪಿದ್ದರೆ ತಿದ್ದಿ ಓದುವುದು' ಎಂದು ಬರೆದಿರುವುದಾಗಿ ತಿಳಿಸಿದ.

ಗುರುಗಳು ಆಗ ಕಡತವನ್ನು ಕೈಗೆತ್ತಿಕೊಂಡರು. ಒಂದೊಂದೇ ಮಡಿಕೆ ಬಿಚ್ಚಿ ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತ ಹೋದರು. ಅವರ ಮುಖ ಅರಳುತ್ತ ಹೋಯಿತು. ಕೊನೆಯ ಸಾಲಿಗೆ ಬಂದು ಕಡತವನ್ನು ಶಿಷ್ಯನ ಕಡೆಗೆ ತಿರುಗಿಸಿದರು.

"ಇಷ್ಟು ದೊಡ್ಡ ಕಡತದಲ್ಲಿ ಕಲೆ ಬಿದ್ದಿರುವುದು ಒಂದೇ ಕಡೆಯಪ್ಪಾ, 'ಅಲ್ಪಮತಿ' ಎಂದು ಬರೆದಲ್ಲಿ."